ಬತ್ತಿದ ಬಾವಿಗೊಂದು ಟ್ಯಾಂಕರ್

ಇನ್ನು ಮೂವತ್ತು ವರ್ಷಕ್ಕೆ ನಮ್ಮ ಅರಸೀಕೆರೆಗೆ ಎಷ್ಟು ನೀರು ಬೇಕಾಗುತ್ತದೆ ಎಂದು ನನ್ನನ್ನು ಕೇಳಿ, ನಿದ್ದೆಗಣ್ಣಲ್ಲೂ ಹೇಳಿಬಿಡುತ್ತೇನೆ. ನಾಳೆ ಬೆಳಿಗ್ಗೆ ನಮ್ಮ ಮನೆಯ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಮಾತ್ರ ಕೇಳಬೇಡಿ. ಅದು ನಮ್ಮ ಬೀದಿಗೆ ನೀರು ಬಿಡುವ ನೀರುಗಂಟಿಗೂ ದೇವರಿಗೂ ಬಿಟ್ಟ ವಿಷಯ. ಅವರಿಬ್ಬರಲ್ಲಿ ದೇವರನ್ನು ಒಲಿಸಿಕೊಳ್ಳುವುದು ಸುಲಭ. ಈ ಸೀಮೆಗೆ ಮುಂದೆ ಬೇಕಾಗುವ ಕುಡಿಯುವ ನೀರಿನ ಯೋಜನೆಗಳು ತಯಾರಾಗುವ ಕಚೇರಿಯಲ್ಲಿ ನಾನೊಬ್ಬ ಗುಮಾಸ್ತ. ಲೆಕ್ಕ ಹಾಕುವವರು ಎಂಜಿನಿಯರುಗಳು. ಅವರು ಕೊಟ್ಟಿದ್ದನ್ನು ಟೈಪು ಮಾಡಿ, ಮುಂದೊಂದು ಪೀಠಿಕೆ ಅಂಟಿಸಿ, ದಾರ ಕಟ್ಟಿ ಮೇಲಕ್ಕೆ ಕಳಿಸುವುದು ನನ್ನ ಪಾಲಿನ ಕೆಲಸ. 'ಸದರಿ ಪ್ರದೇಶವು ಮಳೆಯ ಕೊರತೆಯುಳ್ಳದ್ದಾಗಿದ್ದು' ಎಂದು ಶುರುವಾಗುವ ನನ್ನ ಪೀಠಿಕೆ, ನಾನು ಕೆಲಸಕ್ಕೆ ಸೇರಿದಾಗಿನಿಂದ ಒಂದಕ್ಷರ ಬದಲಾಗಿಲ್ಲ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಸಾಹೇಬರುಗಳು ಬಂದರು, ಹೋದರು. ಸದರಿ ಪ್ರದೇಶ ಮಾತ್ರ ಇದ್ದ ಹಾಗೇ ಇದೆ.

ಕಾಗದದ ಮೇಲೆ ನಾವು ತುಂಬ ಉದಾರಿಗಳು. ಇನ್ನೂ ಹುಟ್ಟದ ಮಕ್ಕಳಿಗೂ ತಲೆಗಿಷ್ಟು ಎಂದು ನೀರು ಇಟ್ಟಿರುತ್ತೇವೆ. ಬರುವ ನೆಂಟರಿಗೆ, ಕಟ್ಟಲಿರುವ ಹೋಟೆಲಿಗೆ, ಹತ್ತಬಹುದಾದ ಬೆಂಕಿಗೆ ಕೂಡ ಇಟ್ಟಿರುತ್ತೇವೆ. ಎಲ್ಲ ಆದ ಮೇಲೆ ಕೊನೆಯಲ್ಲಿ 'ಸೋರಿಕೆ' ಅಂತ ಒಂದು ಕಲಂ ಇರುತ್ತದೆ. ದಾರಿಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಪೈಪಿನಿಂದ ನೆಲಕ್ಕೆ ಇಳಿದುಹೋಗುವ ನೀರಿಗೆ ಮೀಸಲಾದ ಕಲಂ ಅದು. ಇನ್ನೂ ಬಾರದ ನೀರು ಸೋರಿಹೋಗುವುದಕ್ಕೂ ಮುಂಚೆಯೇ ಜಾಗ ಮಾಡಿಕೊಡುವ ಈ ದೂರದೃಷ್ಟಿಯ ಬಗ್ಗೆ ನನಗೆ ಮೊದಲಿನಿಂದಲೂ ಹೆಮ್ಮೆ. ಮನೆಯಲ್ಲಿ ಹೇಳಿಕೊಂಡರೆ ನನ್ನ ಹೆಂಡತಿ ಸರೋಜ, "ಆ ಸೋರಿಕೆಯಲ್ಲಾದರೂ ಒಂದು ಬಕೆಟ್ ತಂದುಕೊಡಿ, ಪಾತ್ರೆ ತೊಳೀಬೇಕು" ಎನ್ನುತ್ತಾಳೆ.

ಸರೋಜ ಹಳೇಬೀಡಿನವಳು. ಕೆರೆ ಏರಿಯ ಹತ್ತಿರ ಹುಟ್ಟಿ ಬೆಳೆದವಳು. ನಮ್ಮಿಬ್ಬರ ಊರಿನ ನಡುವೆ ಬಸ್ಸಿನಲ್ಲಿ ಕೂತರೆ ಒಂದು ನಿದ್ದೆಯಷ್ಟೇ ದೂರ, ಆದರೆ ನೀರಿನ ವಿಷಯದಲ್ಲಿ ನಾವು ಬೇರೆ ಬೇರೆ ಲೋಕದವರು. ದುಡ್ಡನ್ನು ನೀರಿನ ಹಾಗೆ ಖರ್ಚು ಮಾಡುತ್ತಾನೆ ಎಂದರೆ ಅವರೂರಿನಲ್ಲಿ ಅವನು ದುಂದುಗಾರ, ನಮ್ಮೂರಿನಲ್ಲಿ ಕಡುಜಿಪುಣ. ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಹೋಗಿದ್ದಾಗ ನಡೆದದ್ದನ್ನು ಅವರ ಕಡೆಯವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಹೊಸ ಅಳಿಯನಿಗೆ ಎಣ್ಣೆನೀರು ಹಾಕಿಸಿದರು. ಹಂಡೆ ತುಂಬ ಹಬೆಯಾಡುವ ನೀರು. ನಾನು ಚೊಂಬು ಚೊಂಬಾಗಿ ಅಳೆದು ಹೊಯ್ದುಕೊಂಡು, ಮಿಕ್ಕಿದ್ದನ್ನು ಚೆಲ್ಲಲು ಮನಸ್ಸು ಬಾರದೆ, ಟವಲು ಸುತ್ತಿಕೊಂಡೇ ಬಕೆಟ್ ಎತ್ತಿಕೊಂಡು ಬಂದು ಹಿತ್ತಿಲ ಮಲ್ಲಿಗೆ ಬಳ್ಳಿಗೆ ಹಾಕುತ್ತಿದ್ದೆ. ಅತ್ತೆ ಅಡಿಗೆಮನೆಯ ಕಿಟಕಿಯಿಂದ ನೋಡಿ, "ಅಳಿಯಂದಿರು ಸ್ನಾನಕ್ಕೆ ಹೋದರೋ, ತೋಟದ ಕೆಲಸಕ್ಕೆ ಹೋದರೋ" ಎಂದು ಮಗಳನ್ನು ಕೇಳಿದರಂತೆ. ಸಂಜೆ ಮಾವ ನನ್ನನ್ನು ಏರಿಯ ಮೇಲೆ ಕರೆದುಕೊಂಡು ಹೋದರು. ಆ ವರ್ಷ ಕೆರೆ ಕೋಡಿ ಬಿದ್ದಿತ್ತು. ಅಷ್ಟು ನೀರು ಯಾರ ಹಂಗೂ ಇಲ್ಲದೆ ಸುಮ್ಮನೆ ಹರಿದುಹೋಗುತ್ತಿರುವುದನ್ನು ನೋಡಿ ನಾನು ತಡೆಯಲಾರದೆ ಎರಡು ಕೈಯನ್ನೂ ತಲೆಯ ಮೇಲೆ ಇಟ್ಟುಕೊಂಡೆ. ಮಾವ ಅದನ್ನು ಭಕ್ತಿ ಎಂದುಕೊಂಡರು. ಈಗಲೂ ಕಣ್ಣು ಮುಚ್ಚಿದರೆ ಆ ಸಂಜೆಯ ನೀರಿನ ಸದ್ದು ನನಗೆ ಕೇಳಿಸುತ್ತದೆ. ಮಾವ ಇಲ್ಲ, ಅತ್ತೆ ಇಲ್ಲ, ಆ ಮಲ್ಲಿಗೆ ಬಳ್ಳಿಯೂ ಇಲ್ಲ.

ಅಂಥ ಊರಿನವರು ನಮ್ಮೂರಿಗೆ ಹೆಣ್ಣು ಕೊಟ್ಟದ್ದು ಹೇಗೆ ಎಂದು ನಿಮಗೆ ಅನ್ನಿಸಬಹುದು. ಅದು ನಮ್ಮವ್ವನ ಪ್ರತಾಪ. ನಮ್ಮ ಕಡೆ ಹೆಣ್ಣಿನವರು ಒಪ್ಪಿಗೆ ಹೇಳುವ ಮುಂಚೆ ಗಂಡಿನ ಮನೆ ನೋಡಲು ಬರುವುದು ವಾಡಿಕೆ. ಮಾವ ಬರುತ್ತಾರೆ ಎಂದು ತಿಳಿದದ್ದೇ ತಡ, ಅವ್ವ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಸುತ್ತು ಹೋಗಿಬಂದಳು. ಅವರು ಬರುವ ಹೊತ್ತಿಗೆ ನಮ್ಮ ಬಚ್ಚಲಿನಿಂದ ಹಿತ್ತಿಲ ಬಾಗಿಲವರೆಗೆ ಹುಣಸೇಹಣ್ಣಿನಲ್ಲಿ ತಿಕ್ಕಿ ಬೆಳಗಿದ ಹಿತ್ತಾಳೆ ಕೊಡಗಳು ತುಂಬಿಕೊಂಡು ಸಾಲಾಗಿ ಕೂತಿದ್ದವು. ಬೇಸಿಗೆ ಕಾಲ. ನಮ್ಮ ಬಾವಿ ತಳ ಕಂಡಿತ್ತು, ಬೀದಿಯ ನಲ್ಲಿ ದಾರದಷ್ಟು ಸಣ್ಣಗೆ ಬರುತ್ತಿತ್ತು. ಒಂದೊಂದು ಕೊಡದ ಹಿಂದೆಯೂ ಒಬ್ಬೊಬ್ಬ ಹೆಂಗಸು ಬೆಳಗಿನ ಜಾವ ಎದ್ದು ಸರದಿಯಲ್ಲಿ ನಿಂತಿದ್ದಳು. ಮಾವ ಮೇಷ್ಟರು. ಅಕ್ಷರ ಕಂಡರೆ ಓದದೆ ಮುಂದೆ ಹೋಗುವ ಜಾತಿಯಲ್ಲ. ಪಾತ್ರೆಗಳ ಮೇಲೆ ಒಡತಿಯ ಹೆಸರು ಕೊರೆಸುವುದು ಆಗಿನ ಪದ್ಧತಿ ನೋಡಿ, ಅವರು ಬಗ್ಗಿ ಬಗ್ಗಿ ಓದುತ್ತಾ ಹೋದರು. ನಿಂಗಮ್ಮ, ಜಯಲಕ್ಷಮ್ಮ, ಗೌರಮ್ಮ. ಕೊನೆಯಲ್ಲಿದ್ದ ಕಲಾಯಿ ಹಾಕಿದ ತಾಮ್ರದ ಕೊಡದ ಮೇಲೆ ಉರ್ದು ಬರಹವಿತ್ತು.

"ಇವೆಲ್ಲ?" ಎಂದರು ಮಾವ.

"ನಮ್ಮೋರ್ದೇ ಕಣಣ್ಣ. ಮದ್ವೆ ಮುಂಜಿಗೆ ಕೊಟ್ಟಿದ್ದು" ಎಂದಳು ಅವ್ವ, ಕಣ್ಣು ಕೂಡ ಪಿಳಿಕಿಸದೆ.

"ಇದು?" ಎಂದು ತಾಮ್ರದ ಕೊಡ ತೋರಿಸಿದರು.

"ಅವ್ರೂ ನಮ್ಮೋರೇ."

ಮಾವ ಕಾಫಿ ಕುಡಿದು ಬಸ್ಸು ಹತ್ತಿದರು. ವಾರದೊಳಗೆ ಒಪ್ಪಿಗೆ ಬಂತು. ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆ ಸರೋಜ ಬಚ್ಚಲಿಗೆ ಹೋದರೆ ಅಲ್ಲಿ ಒಂದೇ ಒಂದು ಕೊಡ, ಅದೂ ಅರ್ಧ. ಅವಳು ಅದರಲ್ಲೇ ಸ್ನಾನ ಮುಗಿಸಿಕೊಂಡು ಬಂದಳು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಈಗ ಬಾವಿಯ ವಿಷಯ. ನಮ್ಮಪ್ಪ ತೋಡಿಸಿದ ಕಲ್ಲು ಕಟ್ಟಿದ ಇಕ್ಕಟ್ಟು ಬಾವಿ. ಅದರ ರಾಟೆಯ ಕಿರಕಿರ ಕೇಳಿಯೇ ನಾನು ಚಿಕ್ಕಂದಿನಲ್ಲಿ ಏಳುತ್ತಿದ್ದದ್ದು. ಬೇಸಿಗೆಯಲ್ಲಿ ಬಾಡಿ ಮಳೆಗಾಲದಲ್ಲಿ ಚೇತರಿಸಿಕೊಳ್ಳುತ್ತಿದ್ದ ಆ ಬಾವಿ, ಪಕ್ಕದ ಮನೆಯ ಪುಟ್ಟಸ್ವಾಮಿ ಬೋರು ಕೊರೆಸಿದ ಮೇಲೆ ಏಳಲೇ ಇಲ್ಲ. ಪುಟ್ಟಸ್ವಾಮಿ ಕೊಬ್ಬರಿ ವ್ಯಾಪಾರಿ, ನನ್ನ ಜೊತೆ ಗೋಲಿ ಆಡಿ ಬೆಳೆದವನು, ಕೊಡದ ಮೇಲೆ ಹೆಸರಿದ್ದ ನಿಂಗಮ್ಮನ ಮಗ. ಅವನ ಬೋರು ನಮ್ಮ ಬಾವಿಯ ಜೀವ ಹೀರಿತು ಎಂದು ನನ್ನ ವಾದ. ಬಾವಿ ಅದಕ್ಕೆ ಮುಂಚೆಯೇ ಹಾಸಿಗೆ ಹಿಡಿದಿತ್ತು ಎಂದು ಅವನ ವಾದ. ಮಾತಿಗೆ ಮಾತು ಬೆಳೆದು ಮಾತೇ ನಿಂತುಹೋಯಿತು. ಗೋಡೆಗೆ ಗೋಡೆ ತಾಗಿದ ಮನೆ, ಮದುವೆ ಸಾವುಗಳಲ್ಲಿ ಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಈ ಬೇಸಿಗೆಯಲ್ಲಿ ಅವನ ಬೋರು ಕೂಡ ಬರೀ ಗಾಳಿ ಉಗುಳತೊಡಗಿತು. ನನಗೆ ದುಃಖವಾಯಿತು ಎಂದು ಬರೆಯಬೇಕು ಎಂದುಕೊಂಡೆ, ಆದರೆ ಆ ದಿನ ನಾನು ಒಂದು ಲೋಟ ಕಾಫಿ ಜಾಸ್ತಿ ಕುಡಿದದ್ದು ನಿಜ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ನಮ್ಮ ಮಗ ಮಹೇಶನಿಗೆ ಹೆಣ್ಣು ನೋಡುವ ಕಾಲ ಬಂತು. ರೈಲ್ವೆಯಲ್ಲಿ ಕೆಲಸ, ಇದೇ ಊರಿನಲ್ಲಿ. ಕೆಲಸ ನೋಡಿ ಒಪ್ಪಿದವರು ಊರಿನ ಹೆಸರು ಕೇಳಿದ ಮೇಲೆ, "ನೀರಿಗೆ ಹೆಂಗೆ ನಿಮ್ಮಲ್ಲಿ?" ಎನ್ನುತ್ತಿದ್ದರು. ಆಮೇಲೆ ಫೋನು ಬರುತ್ತಿರಲಿಲ್ಲ. ಹೀಗೆ ಎರಡು ಸಂಬಂಧ ಕೈತಪ್ಪಿದ ಮೇಲೆ ಬೇಲೂರಿನಾಚೆ, ಮಳೆ ಸೀಮೆಯ ಗೆಂಡೆಹಳ್ಳಿಯ ಕಡೆಯಿಂದ ಒಂದು ಬಂತು. ಹುಡುಗಿ ಶ್ವೇತಾ, ಬೇಲೂರಿನಲ್ಲಿ ಟೀಚರ್. ಮಹೇಶ ಬೇಲೂರಿಗೆ ಹೋಗಿ ಅವಳನ್ನು ನೋಡಿಕೊಂಡು ಬಂದವನು, "ಹೇಗಪ್ಪ?" ಎಂದರೆ, "ಪರವಾಗಿಲ್ಲ" ಎಂದು ನೆಲ ನೋಡಿದ. ನಮ್ಮ ಮನೆತನದಲ್ಲಿ ಗಂಡಸರು ಪರವಾಗಿಲ್ಲ ಎಂದು ನೆಲ ನೋಡಿದರೆ, ಆ ಹೆಣ್ಣು ಬಿಟ್ಟು ಬೇರೆ ಬೇಡ ಎಂದೇ ಅರ್ಥ. ಹುಡುಗಿಯ ಅಪ್ಪನೂ ಒಪ್ಪಿದರು. ಆದರೆ ಅವರ ಮನೆಯಲ್ಲಿ ಕೊನೆಯ ಮಾತು ಅಜ್ಜಿಯದಂತೆ. "ನಮ್ಮಮ್ಮ ಒಂದ್ಸಲ ಮನೆ ನೋಡ್ಬೇಕು ಅಂತೈತೆ. ಭಾನುವಾರ ಬತ್ತೀವಿ" ಎಂದು ಫೋನು ಮಾಡಿದರು.

ಮಹೇಶನ ಮುಖ ನೋಡಿದೆ. ಈ ಸಲವೂ ನೀರಿನ ದೆಸೆಯಿಂದ ತಪ್ಪಿದರೆ ಅವನು ಬಾಯಿಬಿಟ್ಟು ಏನೂ ಹೇಳುವವನಲ್ಲ. ಅದೇ ನನಗೆ ಭಯ. ಆ ರಾತ್ರಿ ಮೂವತ್ತು ವರ್ಷದ ಯೋಜನಾಕಾರ ಭಾನುವಾರದ ಯೋಜನೆಗೆ ಕೂತ. ಅವ್ವನ ಹಾಗೆ ಬೀದಿ ಸುತ್ತೋಣವೆಂದರೆ ಈಗ ಯಾರ ಮನೆಯಲ್ಲಿ ಕೊಡಗಳಿವೆ? ಎಲ್ಲರದೂ ನೆಲದೊಳಗೆ ಸಂಪು, ತಾರಸಿಯ ಮೇಲೆ ಕಪ್ಪು ಟ್ಯಾಂಕು. ಒಳಗೆ ನೀರಿದ್ದರೂ ಕಾಣದು, ಇಲ್ಲದಿದ್ದರೂ ಕಾಣದು. ಕಣ್ಣಿಗೆ ಕಾಣುವ ನೀರು ಬೇಕು. ಹಿತ್ತಿಲಿನ ಬಾವಿ ನೆನಪಾದದ್ದು ಆಗ. ಒಂದು ಟ್ಯಾಂಕರ್ ಅದರೊಳಕ್ಕೆ ಬಿಟ್ಟುಬಿಟ್ಟರೆ?

"ಬತ್ತಿದ ಬಾವಿಗೆ ನೀರಾ?" ಎಂದಳು ಸರೋಜ. "ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ. ಸಂಪಿಗೆ ಬಿಡಿಸಿ ಅಂದ್ರೆ."

"ಸಂಪನ್ನು ಯಾರೇ ನೋಡ್ತಾರೆ? ಅಜ್ಜಿಯಂದಿರು ನೋಡೋದು ಬಾವಿ" ಎಂದೆ. ಕಚೇರಿಯಲ್ಲಿ ಯಾರೂ ನನ್ನ ಅಭಿಪ್ರಾಯ ಕೇಳದೆ ಎಷ್ಟೋ ವರ್ಷದಿಂದ ಒಳಗೇ ಕಟ್ಟಿಕೊಂಡಿದ್ದ ಯೋಜನಾಬುದ್ಧಿ ಅವತ್ತು ಕೋಡಿ ಬಿತ್ತು.

ಶನಿವಾರ ಸಂಜೆ ಟ್ಯಾಂಕರ್ ಬಂತು. ಟ್ಯಾಂಕರಿನವನು ಸಂಪಿನ ಮುಚ್ಚಳ ತೆಗೆಯಲು ಹೋದ. "ಅಲ್ಲಲ್ಲ, ಇಲ್ಲಿ" ಎಂದು ಬಾವಿ ತೋರಿಸಿದೆ. ಅವನು ಬಾವಿಯನ್ನು ನೋಡಿ, ನನ್ನನ್ನು ನೋಡಿ, ಒಳಗಿದ್ದ ಸರೋಜಳ ಕಡೆ ನೋಡಿದ. ಅವಳು ಹಣೆ ಚಚ್ಚಿಕೊಂಡಳು. ನೀರು ಧಬಧಬ ಇಳಿಯಿತು. ಅಪ್ಪನ ಕಾಲದ ಬಾವಿ ಬಾಯಿ ತುಂಬಿಕೊಂಡು ನಿಂತದ್ದನ್ನು ನೋಡಿ ನನಗೆ ನಿಜವಾಗಿ ಕಣ್ಣು ಒದ್ದೆಯಾಯಿತು. ಭಾನುವಾರ ಎದ್ದು ನೋಡಿದರೆ ಒಳಗೆ ಕೆಸರು. ಎಷ್ಟೋ ವರ್ಷದ ದಾಹದ ನೆಲ, ಬಿಟ್ಟೀತೇ? ಹಿಂದೆ ಮುಂದೆ ನೋಡದೆ ಇನ್ನೊಂದು ಟ್ಯಾಂಕರ್ ತರಿಸಿದೆ. ಹೊಸ ಹಗ್ಗ ತಂದು, ಬಿಂದಿಗೆ ಕಟ್ಟಿ ರಾಟೆಗೂ ಹಾಕಿದೆ. ಶೋಭೆಗೆ.

ಅವರ ಕಾರು ಬಂದಾಗ ಬಾವಿ ಇನ್ನೂ ಕಂಠಮಟ್ಟ ಇತ್ತು. ಅಜ್ಜಿ ಹೊನ್ನಮ್ಮನವರು ಬಾಗಿಲಲ್ಲೇ ಕಾಲು ತೊಳೆಯಲು ನಿಂತರು. ಬೇಲೂರಿನಾಚೆಯ ಕೈ, ಚೊಂಬಿನ ಮೇಲೆ ಚೊಂಬು ಹೊಯ್ದುಕೊಂಡರು. ಒಂದೊಂದು ಚೊಂಬಿಗೂ ನನ್ನ ಎದೆ ಧಸಕ್ಕೆನ್ನುತ್ತಿತ್ತು, ಮುಖ ಮಾತ್ರ ನಗುತ್ತಿತ್ತು. ಒಳಗೆ ಬಂದು, ದೇವರ ಮನೆ ನೋಡಿ, ಅಡಿಗೆಮನೆ ನೋಡಿ, ಕೊನೆಗೆ ಹಿತ್ತಿಲಿಗೆ ಬಂದರು. ಬಾವಿಯೊಳಗೆ ಇಣುಕಿದರು.

"ಪರ್ವಾಗಿಲ್ವೆ. ನೀರು ಮೇಲೇ ಐತಲ್ಲ" ಎಂದರು.

"ಏನೋ, ದೇವರ ದಯೆ" ಎಂದೆ. ಮಹೇಶ ಆಕಾಶ ನೋಡಿದ.

ಊಟವಾಯಿತು. ಒಬ್ಬಟ್ಟು ಚೆನ್ನಾಗಿತ್ತು. ಶ್ವೇತಾ ಸರೋಜಳ ಜೊತೆ ಎಲೆ ಎತ್ತುತ್ತಿದ್ದಳು. ಎಲ್ಲ ಒಳ್ಳೆಯ ಲಕ್ಷಣ. ಅಷ್ಟರಲ್ಲಿ ಹೊನ್ನಮ್ಮನವರು, "ಸೇದಿದ ನೀರಲ್ಲಿ ಕೈ ತೊಳ್ದು ಎಷ್ಟು ಕಾಲ ಆಯ್ತೋ" ಎನ್ನುತ್ತಾ ನೆಟ್ಟಗೆ ಹಿತ್ತಿಲಿಗೆ ನಡೆದರು. ನಾನು ಹಿಂದೆ ಓಡಿದೆ. "ಅಜ್ಜಿ, ಬಕೆಟ್ಟಲ್ಲಿ ನೀರಿದೆ, ಬಿಸಿನೀರು ಬೇಕಾದ್ರೆ…" ಕೇಳಿದರೆ ತಾನೆ? ಬಿಂದಿಗೆ ಇಳಿಬಿಟ್ಟರು. ಹಗ್ಗ ಇಳಿಯಿತು. ಇಳಿಯುತ್ತಲೇ ಇತ್ತು. ಕೊನೆಗೆ ಕೆಳಗಿನಿಂದ ಟಣ್ ಎಂದು ಕಲ್ಲಿಗೆ ಬಿಂದಿಗೆ ಬಡಿದ ಸದ್ದು ಬಂತು. ಆ ಸದ್ದಿಗೆ ಒಳಗಿದ್ದವರೆಲ್ಲ ಹೊರಗೆ ಬಂದರು.

ಹೊನ್ನಮ್ಮನವರು ಇಣುಕಿ ನೋಡಿದರು. ಕಲ್ಲು ಮೇಲಿನವರೆಗೂ ಇನ್ನೂ ಒದ್ದೆ, ತಳದಲ್ಲಿ ಬರೀ ಕಲ್ಲು ಕೆಸರು. "ಊಟಕ್ಕೆ ಮುಂಚೆ ಇಲ್ಲಿದ್ದ ನೀರು ಎಲ್ಲೋಯ್ತಪ್ಪ?" ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆದೆ. ಬಾಯಿಂದ ಬಂದದ್ದು, "ಸದರಿ ಪ್ರದೇಶದಲ್ಲಿ ಅಂತರ್ಜಲವು…" ಎಂದು.

"ಟ್ಯಾಂಕರ್ ನೀರು ಅಮ್ಮ" ಎಂದಳು ಸರೋಜ. "ನಿಮಗೆ ತೋರಿಸೋಕೆ ಅಂತ ಬೆಳಿಗ್ಗೆ ಬಿಡಿಸಿದ್ರು."

ಶ್ವೇತಾಳ ಅಪ್ಪ ಕಾರಿನ ಕೀಲಿ ಜೇಬಿನಿಂದ ತೆಗೆದು ಮತ್ತೆ ಇಟ್ಟುಕೊಂಡರು. ಮಹೇಶನ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

"ನೀರಿಲ್ಲದ ಊರು ಅಂತ ಗೊತ್ತಿದ್ದೇ ಬಂದ್ವಿ" ಎಂದರು ಹೊನ್ನಮ್ಮನವರು, ನಿಧಾನವಾಗಿ. "ಅದಕ್ಕೆ ಹೆದ್ರಿಲ್ಲ. ಇರೋ ನೀರ್ನ ಗುಂಡಿಗೆ ಸುರಿಯೋ ಮನೆಗೆ ಮಗು ಕೊಡ್ಬೇಕಲ್ಲ, ಅದಕ್ಕೆ ಹೆದ್ರಿಕೆ ಆಯ್ತದೆ."

ಆ ನೀರಿನ ಜೊತೆ ನಾನೂ ನೆಲಕ್ಕೆ ಇಳಿದುಹೋಗಿದ್ದರೆ ಚೆನ್ನಾಗಿತ್ತು. ಆಗ ಸರೋಜ, "ಇದು ಇವರ ಮನೆತನದ ಕಾಯಿಲೆ ಅಮ್ಮ, ಕೂತ್ಕೊಳ್ಳಿ ಹೇಳ್ತೀನಿ" ಎಂದು ಅಜ್ಜಿಯನ್ನು ಬಾವಿ ಕಟ್ಟೆಯ ಮೇಲೆ ಕೂರಿಸಿ, ತಾನೂ ಕೂತು, ಕೊಡಗಳ ಕಥೆ ಶುರು ಮಾಡಿದಳು. ನಾನು ದಂಗಾದೆ. ಅವಳಿಗೆ ಎಲ್ಲ ಗೊತ್ತಿತ್ತು. ನಿಂಗಮ್ಮ, ಜಯಲಕ್ಷಮ್ಮ, ಗೌರಮ್ಮ, ಉರ್ದು ಬರಹದ ತಾಮ್ರದ ಕೊಡ, ನಮ್ಮವ್ವನ ಉತ್ತರ, ಸಾಲಿನಲ್ಲಿ ಒಂದನ್ನೂ ಬಿಡಲಿಲ್ಲ.

"ನಮ್ಮಪ್ಪ ಅವತ್ತೇ ಮನೆಗೆ ಬಂದು ನಗ್ತಾ ಹೇಳಿದ್ರು. ಅಮ್ಮ ಗಾಬರಿಯಾಗಿ, ಹಾಗಾದ್ರೆ ಬೇಡವೇ ಬೇಡ ಅಂದ್ಲು. ಅಪ್ಪ ಏನಂದ್ರು ಗೊತ್ತಾ? ಆ ಊರಲ್ಲಿ ಬಂಗಾರ ಬೇಕಾದ್ರೆ ಸಾಲ ಸಿಕ್ಕೀತು ಕಣೇ, ಬೇಸಿಗೇಲಿ ತುಂಬಿದ ಕೊಡ ಯಾರು ಕೊಡ್ತಾರೆ? ಆ ಹೆಂಗಸಿಗೆ ಬೀದಿಯೆಲ್ಲ ಕೊಟ್ಟಿದೆ. ಅಂಥ ಮನೆಗೆ ಹೋದ್ರೆ ಮಗು ಬಾಯಾರಿ ಸಾಯಲ್ಲ ಅಂದ್ರು."

ಇಷ್ಟು ವರ್ಷ ನಮ್ಮವ್ವ ಮೇಷ್ಟರ ಕಣ್ಣಿಗೆ ಮಣ್ಣೆರಚಿದಳು ಎಂದು ಒಳಗೊಳಗೇ ಹಿಗ್ಗುತ್ತಿದ್ದೆನಲ್ಲ. ಅವರು ಎಲ್ಲ ತಿಳಿದೇ, ತಿಳಿದದ್ದರಿಂದಲೇ, ಮಗಳನ್ನು ಕೊಟ್ಟಿದ್ದರು.

ಹೊನ್ನಮ್ಮನವರು ಬಾವಿಯೊಳಗೆ ಇನ್ನೊಮ್ಮೆ ಇಣುಕಿದರು. ಆಮೇಲೆ ನನ್ನ ಕಡೆ ತಿರುಗಿ, "ಆ ಕಾಲ ಸರಿ. ಈಗ ನಿಂಗೆ ಕೊಟ್ಟಾರಾ ಈ ಬೀದೀಲಿ, ಒಂದು ಕೊಡ ನೀರು?" ಎಂದರು.

ಬೀದಿಯ ಮನೆಗಳನ್ನೆಲ್ಲ ಮನಸ್ಸಿನಲ್ಲೇ ಸುತ್ತಿಬಂದೆ. ಯಾರ ಬಾಗಿಲು ತಟ್ಟಲಿ? ಗೋಡೆಗೆ ಗೋಡೆ ತಾಗಿದವನ ಜೊತೆಯೇ ನಾನು ಮಾತು ಬಿಟ್ಟಿದ್ದೆ. "ಕೇಳಿ ನೋಡಿಲ್ಲ ಅಜ್ಜಿ" ಎಂದೆ. ಅಂದು ನಾನು ಆಡಿದ ಮೊದಲ ನಿಜವಾದ ಮಾತು ಅದು.

ಹಿತ್ತಿಲ ಗೇಟು ಕಿರ್ರೆಂದಿತು. ಪುಟ್ಟಸ್ವಾಮಿ ನಿಂತಿದ್ದ. ಹೆಗಲ ಮೇಲೆ ತುಂಬಿದ ಹಿತ್ತಾಳೆ ಕೊಡ, ಅಂಗಿ ಅರ್ಧ ಒದ್ದೆ. ಇಷ್ಟು ಜನರನ್ನು ನೋಡಿ ಅವನಿಗೂ ಮುಜುಗರವಾಯಿತು. ನನ್ನ ಮುಖ ನೋಡದೆ ಬಾವಿಯನ್ನೇ ನೋಡುತ್ತಾ ಹೇಳಿದ.

"ಟ್ಯಾಂಕರ್ ತರ್ಸಿದ್ದು ಕಂಡೆ. ನೆಂಟ್ರು ಬಂದವ್ರೆ, ನೀರು ಸಾಲ್ದೆ ಬಂದೀತು ಅಂತ ನಮ್ಮನೆಯವ್ಳು ಅಂದ್ಲು. ಏನು ಮಾಯವೋ ಕಾಣೆ, ಬೆಳಿಗ್ಗೆಯಿಂದ ನಮ್ಮ ಬೋರಲ್ಲಿ ನೀರು ಎದ್ದೈತೆ ಕಣೋ. ಒಂದೀಟು ಕೆಂಪಗೈತೆ, ಸೋಸ್ಕೊಳ್ಳಿ."

ಕೊಡ ಇಳಿಸಿದ. ಸರೋಜ ಬಗ್ಗಿ ಅದರ ಕಂಠದ ಮೇಲಿನ ಅಕ್ಷರದ ಮೇಲೆ ಕೈಯಾಡಿಸಿದಳು. 'ನಿಂಗಮ್ಮ' ಎಂದಿತ್ತು.

ಹೊನ್ನಮ್ಮನವರು ಕೊಡ ನೋಡಿದರು, ಬಾವಿ ನೋಡಿದರು, ನನ್ನನ್ನು ನೋಡಿದರು. ಅವರ ಭುಜ ಮೆಲ್ಲಗೆ ಅಲುಗತೊಡಗಿತು. ಸೆರಗು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಕಣ್ಣೊರೆಸಿಕೊಂಡು ಪುಟ್ಟಸ್ವಾಮಿಗೆ ಹೇಳಿದರು, "ಒಳ್ಳೆ ಮನ್ಸು ಕಣಪ್ಪ ನಿಂದು." ಆಮೇಲೆ ಆ ನೀರಿನಲ್ಲೇ ಕೈ ತೊಳೆದುಕೊಂಡು, "ಎಲೆ ಅಡಿಕೆ ತಗೊಂಬಾರವ್ವ" ಎಂದು ಸರೋಜಳಿಗೆ ಹೇಳಿದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲ. ನನಗೆ ಮಾತ್ರ ಒಂದು ಷರತ್ತು ಹಾಕಿದರು. "ಮದ್ವೆ ಒಳಗೆ ಆ ತಾರಸಿ ಮ್ಯಾಗಿನ ಮಳೆ ನೀರ್ನ ಪೈಪಲ್ಲಿ ಈ ಬಾವಿಗೆ ಬಿಡ್ಸು. ದುಡ್ಡು ಕೊಟ್ಟು ಬಿಡ್ಸೋಕಿಂತ ಮೇಲು."

ಪೈಪು ಹಾಕಿಸಿದ್ದಾಯಿತು, ಈಗ ಮಳೆಗೆ ಕಾಯುತ್ತಿದ್ದೇನೆ. ಪುಟ್ಟಸ್ವಾಮಿ ಬೋರಿಗೆ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಗಂಗಮ್ಮ ತಾನಾಗಿಯೇ ಒಲಿದಳು ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದ. ಆ ನೀರು ಬಹಳ ದಿನ ಬರಲಿಲ್ಲ, ಬಂದಷ್ಟು ದಿನವೂ ನಮಗೊಂದು ಕೊಡ ತಪ್ಪದೆ ಬಂತು. ಕೊಡುವಾಗಲೆಲ್ಲ, "ತಗೊಳ್ಳೋ, ನೀರಿಗೇನು ಜಿಪುಣತನ" ಎನ್ನುತ್ತಿದ್ದ. ನಾನು ಉಪಕಾರ ಸ್ಮರಣೆಯಿಂದ ತಲೆ ತಗ್ಗಿಸಿ ತೆಗೆದುಕೊಳ್ಳುತ್ತಿದ್ದೆ. ಅದು ಯಾರ ನೀರು ಎಂದು ನಾನು ಇನ್ನೂ ಹೇಳಿಲ್ಲ. ಹೇಳಿದರೆ ಮತ್ತೆ ಮಾತು ನಿಂತೀತು ಎಂಬ ಭಯ. ಎಷ್ಟೋ ವರ್ಷದ ಮೇಲೆ ಸಂಜೆ ಹೊತ್ತು ಜಗಲಿಯಲ್ಲಿ ಜೊತೆಗೆ ಕೂರುತ್ತಿದ್ದೇವೆ, ನಿಂಗಮ್ಮನನ್ನೂ ನಮ್ಮವ್ವನನ್ನೂ ನೆನೆಸಿಕೊಳ್ಳುತ್ತಿದ್ದೇವೆ.

ಕಚೇರಿಯಲ್ಲಿ ಮತ್ತೊಂದು ಯೋಜನೆ ಬಂದಿದೆ, ಮತ್ತೆ ಮೂವತ್ತು ವರ್ಷದ್ದು. ಪೀಠಿಕೆ ಅಂಟಿಸಿದ್ದೇನೆ. ಸೋರಿಕೆಯ ಕಲಮಿಗೆ ಬಂದಾಗ ಮಾತ್ರ ಯಾಕೋ ಬೆರಳು ಸ್ವಲ್ಪ ನಿಲ್ಲುತ್ತದೆ. ನನ್ನ ಸರ್ವೀಸಿನಲ್ಲಿ ನಾನು ಟೈಪು ಮಾಡಿದ ಯಾವ ಯೋಜನೆಯ ನೀರು ಯಾವ ಮನೆಗೆ ಮುಟ್ಟಿತೋ ನಾನು ಕಣ್ಣಾರೆ ಕಂಡಿಲ್ಲ. ಸ್ವಂತ ಬುದ್ಧಿಯಿಂದ ಮಾಡಿದ ಯೋಜನೆ ಆ ಬಾವಿಯದೊಂದೇ. ಅದರಲ್ಲಿ ಒಂದು ಹನಿಯೂ ಉಳಿಯದೆ ಎಲ್ಲ ಸೋರಿಹೋಯಿತು, ಮನೆ ಮುಟ್ಟಿದ್ದೂ ಅದೇ.